ಓಡಿ ಅಂದವರು ಎಲ್ಲಿಗೆ ಅನ್ನಲಿಲ್ಲ

ಒಂದು ಪ್ರಶ್ನೆಯನ್ನು ನೇರವಾಗಿ ಮುಂದಿಟ್ಟುಕೊಂಡೇ ಶುರು ಮಾಡೋಣ. ಕಡಲ ತಡಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ. ಸಾವಿರಾರು ಮೈಲಿ ಆಚೆ ಎಲ್ಲೋ ನೆಲ ನಡುಗಿದೆ. 'ಅಲೆ ಬರ್ತಿದೆ, ಓಡು' ಅಂತ ಯಾರೋ ಅವನಿಗೆ ಹೇಳುತ್ತಾರೆ. ಅವನು ಓಡುವುದಿಲ್ಲ. ಅಲೆ ಬಂದು ಅವನನ್ನು ಎಳೆದುಕೊಂಡು ಹೋಗುತ್ತದೆ. ಈ ಸಾವು ಯಾರ ಲೆಕ್ಕಕ್ಕೆ?

'ಹೇಳಿದ್ದೆವು, ಅವನು ಕೇಳಲಿಲ್ಲ.' ಇದು ಕಚೇರಿಗಳ ಉತ್ತರ. 'ಅಜ್ಞಾನ, ಮೌಢ್ಯ, ಶಿಕ್ಷಣದ ಕೊರತೆ.' ಇದು ಪಟ್ಟಣದ ಓದಿದವರ ಉತ್ತರ. 'ಹಣೆಬರಹ.' ಇದು ಪುರೋಹಿತರ ಉತ್ತರ. ಮೂರು ಉತ್ತರಗಳೂ ಬೇರೆ ಬೇರೆ ಬಾಯಿಂದ ಬಂದರೂ ಒಂದು ವಿಷಯದಲ್ಲಿ ಒಂದೇ. ಮೂರರಲ್ಲೂ ತಪ್ಪು ಸತ್ತವನದು. ಸತ್ತವನು ಎದ್ದುಬಂದು ಎದುರು ಮಾತಾಡಲಾರ ಅನ್ನುವ ಧೈರ್ಯದ ಮೇಲೆ ನಿಂತ ಉತ್ತರಗಳು ಇವು. ಆದ್ದರಿಂದ ಸತ್ತವನ ಕಡೆಯಿಂದ ನಾವು ನಾಲ್ಕು ಮಾತು ಆಡಬೇಕಾಗಿದೆ.

ಮೊದಲು ಹಣೆಬರಹದ ಮಾತು ಮುಗಿಸಿಬಿಡೋಣ. 1934ರ ಜನವರಿ 15ರಂದು ಬಿಹಾರದಲ್ಲಿ ಭಾರೀ ಭೂಕಂಪವಾಯಿತು. ಸಾವಿರಾರು ಜನ ಸತ್ತರು. ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ ಗಾಂಧೀಜಿ ಹೇಳಿದರು. ರವೀಂದ್ರನಾಥ ಠಾಕೂರರು ಇದನ್ನು ಒಪ್ಪಲಿಲ್ಲ. ಅಸ್ಪೃಶ್ಯತೆಯನ್ನು ವಿರೋಧಿಸುವುದು ಸರಿ, ಆದರೆ ಪ್ರಕೃತಿಯ ಘಟನೆಗೆ ನೀತಿಯ ಕಾರಣ ಅಂಟಿಸುವುದು ಜನರ ವಿವೇಕವನ್ನು ಕೆಡಿಸುತ್ತದೆ ಅನ್ನುವುದು ಅವರ ವಾದ. ಗಾಂಧೀಜಿ ಆ ಬರಹವನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚು ಹಾಕಿ ಉತ್ತರವನ್ನೂ ಕೊಟ್ಟರು. ಇಬ್ಬರೂ ದೊಡ್ಡವರು. ಆದರೆ ಆ ಚರ್ಚೆಯ ನಡುವೆ ನಮ್ಮ ಕೇರಿಯವನೊಬ್ಬ ಎದ್ದು ಕೇಳಬಹುದಾದ ಪ್ರಶ್ನೆ ಹಾಗೇ ಉಳಿಯಿತು: ಸ್ವಾಮೀ, ಅಸ್ಪೃಶ್ಯತೆ ಮಾಡಿದ್ದಕ್ಕೆ ಶಿಕ್ಷೆ ಅಂದಮೇಲೆ ಅಸ್ಪೃಶ್ಯನ ಗುಡಿಸಲು ಯಾಕೆ ಬಿತ್ತು? ಪಾಪ ಮಾಡಿದವನಿಗೂ, ಆ ಪಾಪವನ್ನು ಬೆನ್ನ ಮೇಲೆ ಹೊತ್ತವನಿಗೂ ಒಂದೇ ಏಟು ಹಾಕುವ ದೇವರು ಯಾವ ನ್ಯಾಯಾಧೀಶ?

ಇಷ್ಟರಮಟ್ಟಿಗೆ ನಾವು ಠಾಕೂರರ ಕಡೆ. ಭೂಮಿಯ ಮೇಲ್ಪದರದ ದೊಡ್ಡ ದೊಡ್ಡ ಕಲ್ಲುಹಾಸುಗಳು ಒಂದರ ಕೆಳಗೊಂದು ನುಗ್ಗುತ್ತವೆ, ಸಿಕ್ಕಿಹಾಕಿಕೊಳ್ಳುತ್ತವೆ, ಒಂದು ದಿನ ಜಾರುತ್ತವೆ. ಕಡಲ ತಳ ಎದ್ದರೆ ಮೇಲಿನ ನೀರೂ ಏಳುತ್ತದೆ. ಆ ನೀರು ಆಳದ ಕಡಲಲ್ಲಿ ಗಂಟೆಗೆ ಏಳೆಂಟು ನೂರು ಕಿಲೋಮೀಟರ್ ಓಡುತ್ತದೆ. ದಡದ ಹತ್ತಿರ ಆಳ ಕಡಿಮೆಯಾದಂತೆ ವೇಗ ಇಳಿಯುತ್ತದೆ, ಎತ್ತರ ಏರುತ್ತದೆ. ಇದರಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ.

ಆದರೆ ಠಾಕೂರರ ಮಾತಿನ ಪಕ್ಕದಲ್ಲಿ ಇನ್ನೊಂದು ಮಾತು ಇಡಬೇಕು. ಭೂಕಂಪಕ್ಕೆ ನೀತಿ ಇಲ್ಲ, ನಿಜ. ಭೂಕಂಪ ಆದಮೇಲೆ ಅಲೆ ಬಂದು ಮುಟ್ಟುವ ತನಕ ಇರುವ ಆ ಎರಡು ಗಂಟೆಗೆ, ನಾಲ್ಕು ಗಂಟೆಗೆ, ಇಪ್ಪತ್ತು ಗಂಟೆಗೆ ನೀತಿ ಇದೆ. ಆ ಹೊತ್ತು ಪ್ರಕೃತಿಯದಲ್ಲ, ಮನುಷ್ಯರದು. ಯಾರಿಗೆ ಗೊತ್ತಾಯಿತು, ಯಾರು ಯಾರಿಗೆ ಹೇಳಿದರು, ಯಾರಿಗೆ ಹೇಳಲಿಲ್ಲ, ಹೇಳಿದ್ದನ್ನು ಯಾಕೆ ನಂಬಲಿಲ್ಲ, ನಂಬಿದವರು ಎಲ್ಲಿಗೆ ಹೋದರು ಅನ್ನುವುದೆಲ್ಲ ನಮ್ಮ ನಿಮ್ಮ ಸಮಾಜದ ಲೆಕ್ಕ.

ಹತ್ತಿರದ ಭೂಕಂಪವಾದರೆ ನೆಲವೇ ಮಾತಾಡುತ್ತದೆ. ಸುಮಾತ್ರದ ಪಕ್ಕದಲ್ಲಿ ಸಿಮೆಲುಯೆ ಅಂತ ಒಂದು ದ್ವೀಪ ಇದೆ. 1907ರಲ್ಲಿ ಅಲ್ಲಿಗೆ ಅಲೆ ಬಂದು ಬಹಳ ಜನ ಸತ್ತಿದ್ದರು. ಬದುಕಿ ಉಳಿದವರು ಅದಕ್ಕೆ 'ಸ್ಮೊಂಗ್' ಅಂತ ಹೆಸರಿಟ್ಟರು. ನೆಲ ಜೋರಾಗಿ ನಡುಗಿ ಕಡಲು ಹಿಂದಕ್ಕೆ ಸರಿದರೆ ಗುಡ್ಡಕ್ಕೆ ಓಡಿ ಅಂತ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತಾ ಬಂದರು, ಹಾಡಿಕೊಂಡು ಬಂದರು. 2004ರ ಡಿಸೆಂಬರ್ 26ರಂದು ನೆಲ ನಡುಗಿತು. ಜನ ಗುಡ್ಡ ಹತ್ತಿದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ದ್ವೀಪದಲ್ಲಿ ಸತ್ತವರು ಏಳು ಜನ. 'ಅಜ್ಞಾನ' ಅನ್ನುವ ಪಟ್ಟಣದವರು ಈ ಲೆಕ್ಕವನ್ನು ಎರಡು ಸಲ ಓದಬೇಕು. ಅಕ್ಷರ ಬಾರದವರ ಬಾಯಿಮಾತು ತೊಂಬತ್ತೇಳು ವರ್ಷ ಬದುಕಿತ್ತು, ಬದುಕಿಸಿತು.

ಆದರೆ ದೂರದ ಭೂಕಂಪದ ಕಥೆಯೇ ಬೇರೆ. ಅಲ್ಲಿ ನೆಲ ಏನೂ ಹೇಳುವುದಿಲ್ಲ. ಪಾದದ ಕೆಳಗೆ ಮರಳು ತಣ್ಣಗಿರುತ್ತದೆ. ಆಕಾಶ ನಿರ್ಮಲವಾಗಿರುತ್ತದೆ. ಮೀನು ಬಲೆಯಲ್ಲಿರುತ್ತದೆ. ಕಣ್ಣು, ಕಿವಿ, ಚರ್ಮ, ಅನುಭವ, ಅಜ್ಜಿಯ ಮಾತು ಎಲ್ಲವೂ 'ಏನೂ ಆಗಿಲ್ಲ' ಅನ್ನುತ್ತಿರುವಾಗ ಇನ್ಯಾರೋ ಒಬ್ಬ ಮನುಷ್ಯನ ಮಾತನ್ನು ನಂಬಿ ಮನೆ ಬಿಡಬೇಕು. ಅಂದರೆ ದೂರದ ಭೂಕಂಪದಲ್ಲಿ ಪ್ರಾಣ ಉಳಿಯುವುದು ಮನುಷ್ಯ ಮನುಷ್ಯರ ನಡುವಿನ ನಂಬಿಕೆಯಿಂದ. ನಂಬಿಕೆ ಅನ್ನುವುದು ಅಪಾಯದ ದಿನ ಬೆಳಿಗ್ಗೆ ಹುಟ್ಟುವ ವಸ್ತುವಲ್ಲ. ಅದು ಸಾಮಾನ್ಯ ದಿನಗಳಲ್ಲಿ ದುಡಿದು ಕೂಡಿಟ್ಟ ಗಂಟು. ಕೂಡಿಡದವನು ಆ ದಿನ ಎಲ್ಲಿಂದ ತಂದಾನು?

ಹವಾಯಿ ದ್ವೀಪದ ಹಿಲೊ ಪಟ್ಟಣದ ಉದಾಹರಣೆ ನೋಡಿ. 1946ರಲ್ಲಿ ಅಲ್ಯೂಷಿಯನ್ ದ್ವೀಪಗಳ ಕಡೆ ಆದ ಭೂಕಂಪದ ಅಲೆ ಬಂದು ಹವಾಯಿಯಲ್ಲಿ 159 ಜನ ಸತ್ತರು. ಆಮೇಲೆ, 1949ರಲ್ಲಿ, ಪೆಸಿಫಿಕ್ ಸಾಗರಕ್ಕೆ ಎಚ್ಚರಿಕೆ ಕೇಂದ್ರ ಬಂತು. 1960ರ ಮೇ 22ರಂದು ಚಿಲಿ ದೇಶದಲ್ಲಿ 9.5ರ ಭೂಕಂಪವಾಯಿತು. ಯಂತ್ರಗಳು ಅಳೆದಿರುವುದರಲ್ಲಿ ಅದಕ್ಕಿಂತ ದೊಡ್ಡದು ಇಲ್ಲ. ಹಿಲೊದಲ್ಲಿ ರಾತ್ರಿ ಎಂಟೂವರೆಗೆ ಸೈರನ್ ಕೂಗಿತು. ದೊಡ್ಡ ಅಲೆ ಬಂದದ್ದು ನಡುರಾತ್ರಿ ದಾಟಿ ಒಂದು ಗಂಟೆಗೆ. ನಾಲ್ಕೂವರೆ ಗಂಟೆ ಸಮಯ ಇತ್ತು. ಆದರೂ 61 ಜನ ಸತ್ತರು. ಆಮೇಲೆ ವಿಚಾರಿಸಿ ನೋಡಿದಾಗ ಬಹುಪಾಲು ಜನ ಸೈರನ್ ಕೇಳಿಸಿಕೊಂಡಿದ್ದರು, ಆದರೆ ಅರ್ಧಕ್ಕಿಂತ ಕಡಿಮೆ ಜನ ಮನೆ ಬಿಟ್ಟಿದ್ದರು.

ಯಾಕೆ? ದಡ್ಡರಾಗಿದ್ದರೇ? ಅಲ್ಲ. ಮೊದಲು ಸೈರನ್ ಬೇರೆ ಬೇರೆ ಹಂತದಲ್ಲಿ ಕೂಗುವ ಪದ್ಧತಿ ಇತ್ತು, ಅದನ್ನು ಬದಲಾಯಿಸಿದ್ದರು. ಒಂದು ಸಲ ಕೂಗಿದ್ದರ ಅರ್ಥ 'ಸಿದ್ಧರಾಗಿ' ಅಂತಲೋ 'ಓಡಿ' ಅಂತಲೋ ಜನಕ್ಕೆ ಸ್ಪಷ್ಟ ಇರಲಿಲ್ಲ. ಇನ್ನೊಂದು ಕೂಗು ಬರುತ್ತೆ ಅಂತ ಕಾದವರಿದ್ದರು. 1946ರಿಂದ 1960ರ ನಡುವೆ ಎಚ್ಚರಿಕೆ ಬಂದು, ಬಂದ ಅಲೆ ಹಿಲೊದಲ್ಲಿ ಹೆಚ್ಚೇನೂ ಮಾಡದೆ ಹೋದ ನೆನಪೂ ಇತ್ತು. ಹಿಲೊದ ದಂಡೆಯಲ್ಲಿ ಜಪಾನಿನಿಂದ ವಲಸೆ ಬಂದವರು ಕಟ್ಟಿಕೊಂಡ ಶಿನ್‌ಮಾಚಿ ಅನ್ನುವ ಬಡಾವಣೆ ಇತ್ತು. 1946ರಲ್ಲಿ ಅದು ಕೊಚ್ಚಿಹೋಗಿತ್ತು. ಅದೇ ಜಾಗದಲ್ಲಿ ಮತ್ತೆ ಕಟ್ಟಿಕೊಂಡರು. 1960ರಲ್ಲಿ ಮತ್ತೆ ಕೊಚ್ಚಿಹೋಯಿತು. ಸೈರನ್ ಸಮವಾಗಿ ಎಲ್ಲರಿಗೂ ಕೇಳಿಸಿತು. ಆದರೆ ದಂಡೆಯ ಮೇಲೆ ಯಾರು ಮಲಗಬೇಕು ಅನ್ನುವುದನ್ನು ಸೈರನ್ ತೀರ್ಮಾನ ಮಾಡಿರಲಿಲ್ಲ.

ಈಗ ನಮ್ಮ ಕಡಲಿಗೆ ಬರೋಣ. 2004ರ ಡಿಸೆಂಬರ್ 26, ಭಾನುವಾರ. ಬೆಳಿಗ್ಗೆ ಆರೂವರೆ ಹೊತ್ತಿಗೆ ಸುಮಾತ್ರದ ಹತ್ತಿರ ಕಡಲ ತಳ ಜಾರಿತು. ತಮಿಳುನಾಡಿನ ದಡಕ್ಕೆ ಅಲೆ ಮುಟ್ಟಿದ್ದು ಎರಡು ಗಂಟೆಗೂ ಹೆಚ್ಚು ಹೊತ್ತಿನ ಮೇಲೆ. ಹಿಂದೂ ಮಹಾಸಾಗರಕ್ಕೆ ಎಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ. ಪೆಸಿಫಿಕ್‌ನವರಿಗೆ ಭೂಕಂಪ ಆದದ್ದು ನಿಮಿಷಗಳಲ್ಲಿ ತಿಳಿಯಿತು, ಆದರೆ ಇಲ್ಲಿ ಯಾರಿಗೆ ಹೇಳಬೇಕು ಅಂತ ಅವರ ಹತ್ತಿರ ದಾರಿ ಇರಲಿಲ್ಲ. ಕಾರ್ ನಿಕೋಬಾರ್ ದ್ವೀಪದ ವಾಯುಪಡೆ ನೆಲೆಗೆ ನೀರು ನುಗ್ಗಿದ ಸುದ್ದಿ ಅಲೆ ತಮಿಳುನಾಡು ಮುಟ್ಟುವ ಮೊದಲೇ ವಾಯುಪಡೆಗೆ ಸಿಕ್ಕಿತ್ತು. ದೆಹಲಿಯಲ್ಲಿ ಭೂಕಂಪದ ಫ್ಯಾಕ್ಸು ಹಾಲಿ ಮಂತ್ರಿಗೆ ಹೋಗುವ ಬದಲು ಹಳೆಯ ಮಂತ್ರಿಯ ಮನೆಗೆ ಹೋಯಿತು ಅಂತ ಪತ್ರಿಕೆಗಳು ಬರೆದವು. ಸುದ್ದಿ ಮೇಲೆ ಮೇಲೆಯೇ ಓಡಾಡಿತು. ಕೆಳಗೆ ಇಳಿಯಲಿಲ್ಲ. ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಮೀನುಗಾರರ ಮನೆಯವರು. ಹೆಂಗಸರು, ಮಕ್ಕಳು ಹೆಚ್ಚು.

ಅದೇ ಬೆಳಿಗ್ಗೆ ಪುದುಚೇರಿಯ ನಲ್ಲವಾಡು ಅನ್ನುವ ಮೀನುಗಾರರ ಊರಿನಲ್ಲಿ ಏನಾಯಿತು ನೋಡಿ. ಆ ಊರಿನ ಹುಡುಗನೊಬ್ಬ ಸಿಂಗಾಪುರದಲ್ಲಿ ದುಡಿಯುತ್ತಿದ್ದ. ಅಲ್ಲಿ ಸುದ್ದಿ ತಿಳಿದು ಮನೆಗೆ ಫೋನು ಮಾಡಿದ. ನೀರು ಮನೆ ಹತ್ತಿರ ಬರ್ತಾ ಇದೆ ಅಂದರು. ಓಡಿ, ಊರಿಗೆಲ್ಲ ಹೇಳಿ ಅಂದ. ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನ ಆ ಊರಿನಲ್ಲಿ ಒಂದು ಮಾಹಿತಿ ಕೇಂದ್ರ ಮಾಡಿತ್ತು. ಕಡಲು ಹೇಗಿದೆ, ಅಲೆ ಎಷ್ಟೆತ್ತರ ಅಂತ ಅಲ್ಲಿನ ಮೈಕಿನಲ್ಲಿ ದಿನಾ ಹೇಳುತ್ತಿದ್ದರು. ಜನ ಆ ಕೇಂದ್ರದ ಬಾಗಿಲು ಒಡೆದು ಮೈಕು ಹಿಡಿದು ಕೂಗಿದರು. ಸುಮಾರು 3,600 ಜನ ಬದುಕಿಕೊಂಡರು. ಮನೆಗಳು ಹೋದವು, ದೋಣಿಗಳು ಹೋದವು, ಜನ ಉಳಿದರು.

ಇದರಿಂದ ಕಲಿಯಬೇಕಾದ್ದು 'ಫೋನು ಇದ್ದರೆ ಸಾಕು' ಅಂತಲ್ಲ. ಆ ಮೈಕು ದಿನಾ ಆ ಜನರ ಅನ್ನಕ್ಕೆ ಬೇಕಾದ ಮಾತು ಆಡುತ್ತಿತ್ತು. ನಿನ್ನೆ ಹೇಳಿದ್ದು ನಿಜವಾಗಿತ್ತು, ಮೊನ್ನೆ ಹೇಳಿದ್ದೂ ನಿಜವಾಗಿತ್ತು, ಅದಕ್ಕೇ ಇವತ್ತು ಅದು 'ಓಡಿ' ಅಂದಾಗ ಜನ ಓಡಿದರು. ಕೂಗಿದವರೂ ಅವರ ಊರಿನವರೇ, ಅವರ ಮಾತಿನಲ್ಲೇ ಕೂಗಿದರು. ದಿನನಿತ್ಯದ ಉಪಕಾರದ ಬೆನ್ನ ಮೇಲೆ ಬಂದ ಎಚ್ಚರಿಕೆ ಅದು.

ಈಗ ನಮ್ಮ ಊರುಗಳ ಕಡೆ ತಿರುಗಿ ಕೇಳಿಕೊಳ್ಳೋಣ. ನಮ್ಮಲ್ಲಿ 'ಸರ್ಕಾರದ ಮಾತು' ಕೇರಿಯ ಕಿವಿಗೆ ಹೇಗೆ ಬಂತು? ಡಂಗುರದ ಮೂಲಕ ಬಂತು. ಡಂಗುರ ಸಾರಿದವರು ಯಾರು? ನಾವೇ. ತೋಟಿ, ತಳವಾರ, ಕುಳವಾಡಿ ಅನ್ನುವ ಹೆಸರಿನಲ್ಲಿ ನಮ್ಮ ತಾತಂದಿರ ಹೆಗಲಿಗೆ ತಮಟೆ ನೇತುಹಾಕಿದರು. ತಮಿಳುನಾಡಿನಲ್ಲೂ ಪರೈ ಬಾರಿಸಿ ಸಾರುವುದು ಕೇರಿಯವರ ಪಾಲಿಗೇ ಬಂದಿತ್ತು. ದನಿ ನಮ್ಮದು, ಮಾತು ಅವರದು. ಕಂದಾಯ ಕಟ್ಟಿ, ಜಪ್ತಿ ಇದೆ, ಹರಾಜು ಇದೆ, ಜಾತ್ರೆಗೆ ಇಂಥವರು ಇಂಥಲ್ಲಿ ನಿಲ್ಲಬೇಕು, ಇಂಥ ಜಾಗ ಖಾಲಿ ಮಾಡಬೇಕು. ತಮಟೆ ಹೇಳಿದ್ದರಲ್ಲಿ ಕೇರಿಗೆ ಒಳ್ಳೆಯದಾದದ್ದು ಎಷ್ಟು? 'ಜಾಗ ಖಾಲಿ ಮಾಡಿ' ಅನ್ನುವ ಮಾತು ನಮ್ಮ ಜನರ ಕಿವಿಗೆ ಹೊಸದಲ್ಲ. ಹೆದ್ದಾರಿಗೆ ಖಾಲಿ ಮಾಡಿ, ಬಂದರಿಗೆ ಖಾಲಿ ಮಾಡಿ, ಅಣೆಕಟ್ಟಿಗೆ ಖಾಲಿ ಮಾಡಿ. ಹಾಗೆ ಖಾಲಿ ಮಾಡಿದವರು ಮತ್ತೆ ಮನೆ ಕಂಡದ್ದು ಕಡಿಮೆ. ಅದೇ ದನಿ, ಅದೇ ಧಾಟಿಯಲ್ಲಿ ಒಂದು ದಿನ 'ಅಲೆ ಬರ್ತಿದೆ, ಖಾಲಿ ಮಾಡಿ' ಅಂದರೆ ಕೇಳಿದವನು ಅನುಮಾನ ಪಡುವುದು ಮೌಢ್ಯವೇ? ಅಲ್ಲ ಗೆಳೆಯರೇ, ಅದು ಇತಿಹಾಸದ ಪಾಠವನ್ನು ಚೆನ್ನಾಗಿ ಕಲಿತವನ ಲಕ್ಷಣ. ಪಾಠ ಆ ಒಂದು ದಿನಕ್ಕೆ ತಪ್ಪಾಗುತ್ತದೆ, ಪ್ರಾಣ ಹೋಗುತ್ತದೆ. ಆದರೆ ಪಾಠ ಕಲಿಸಿದವರು ಯಾರು?

2022ರಲ್ಲಿ ತಮಿಳುನಾಡು ಸರ್ಕಾರ ಡಂಗುರ ಹೊಡೆಸುವ ಪದ್ಧತಿ ನಿಲ್ಲಿಸಿ, ವಾಹನಕ್ಕೆ ಮೈಕು ಕಟ್ಟಿ ಪ್ರಚಾರ ಮಾಡಿ ಅಂತ ಜಿಲ್ಲಾಧಿಕಾರಿಗಳಿಗೆ ಬರೆಯಿತು. ಒಳ್ಳೆಯದೇ. ಹೆಗಲಿನಿಂದ ತಮಟೆ ಇಳಿಯಿತು. ಮೈಕಿನಲ್ಲಿ ಆಡುವ ಮಾತು ಬದಲಾಯಿತೇ ಅನ್ನುವುದು ಮುಂದಿನ ಪ್ರಶ್ನೆ.

ಇರಲಿ. ಅವನು ನಂಬಿದ ಅಂತಲೇ ಇಟ್ಟುಕೊಳ್ಳೋಣ. ಮಕ್ಕಳನ್ನು ಎತ್ತಿಕೊಂಡು ಓಡಿದ. ಎಲ್ಲಿಗೆ?

ಇಲ್ಲಿಗೆ ಬಂದ ಕೂಡಲೇ ಎಲ್ಲರ ಮಾತು ನಿಂತುಹೋಗುತ್ತದೆ. 'ಎತ್ತರದ ಜಾಗಕ್ಕೆ' ಅನ್ನುತ್ತಾರೆ. ನಮ್ಮ ಊರುಗಳಲ್ಲಿ ಎತ್ತರದ ಜಾಗ ಯಾರದು ಸ್ವಾಮೀ? ದೇವಸ್ಥಾನ ಎತ್ತರದಲ್ಲಿದೆ. ಗೌಡರ ಮನೆ ಎತ್ತರದಲ್ಲಿದೆ. ಕಲ್ಯಾಣ ಮಂಟಪ ಇದೆ, ಮಠ ಇದೆ. ಕೇರಿ ಮಾತ್ರ ಊರಿನ ನೀರು ಹರಿದುಬರುವ ತಗ್ಗಿನಲ್ಲಿದೆ. ಸಾವಿರ ವರ್ಷ 'ಇಲ್ಲಿಗೆ ಬರಬೇಡಿ' ಅಂದ ಜಾಗಕ್ಕೇ ಇವತ್ತು 'ಓಡಿ ಬನ್ನಿ' ಅಂತ ಯಾರಾದರೂ ಕರೆದಿದ್ದಾರಾ?

2004ರ ಸುನಾಮಿ ಆದಮೇಲೆ ನಾಗಪಟ್ಟಿಣಂ ಕಡೆ ನಡೆದದ್ದನ್ನು ದಲಿತ ಸಂಘಟನೆಗಳೂ ಮಾನವ ಹಕ್ಕು ಸಂಸ್ಥೆಗಳೂ ದಾಖಲೆ ಮಾಡಿವೆ. ಗಂಜಿಕೇಂದ್ರದಿಂದ ದಲಿತರನ್ನು ಆಚೆ ಕಳಿಸಿದರು, ಬೇರೆ ಕೂರಿಸಿದರು. ಕುಡಿಯುವ ನೀರಿನ ಟ್ಯಾಂಕು ಮುಟ್ಟಗೊಡಲಿಲ್ಲ. ದೋಣಿ ಕಳೆದುಕೊಂಡವನು ಸಂತ್ರಸ್ತ. ಆ ದೋಣಿಯಿಂದ ಮೀನು ಹೊತ್ತು, ಉಪ್ಪಿನ ಗದ್ದೆಯಲ್ಲಿ ಕೂಲಿ ಮಾಡಿ ಬದುಕುತ್ತಿದ್ದವನ ಹೆಸರು ಪಟ್ಟಿಯಲ್ಲೇ ಇಲ್ಲ, ಯಾಕೆಂದರೆ ಕಳೆದುಕೊಳ್ಳಲು ಅವನ ಹತ್ತಿರ ದೋಣಿಯೇ ಇರಲಿಲ್ಲ. ಕೊಳೆತ ಹೆಣ ಎತ್ತಲು ಮಾತ್ರ ಅವರನ್ನೇ ಹುಡುಕಿ ಕರೆತಂದರು. ಬೇರೆ ಬೇರೆ ಪಟ್ಟಣಗಳಿಂದ ಪೌರಕಾರ್ಮಿಕರು ಬಂದರು. ಸರಿಯಾದ ಕೈಗವಸೂ ಇಲ್ಲದೆ ಎತ್ತಿದರು. ಕೊಲ್ಲುವ ನೀರು ಜಾತಿ ಕೇಳಲಿಲ್ಲ, ಕುಡಿಯುವ ನೀರು ಕೇಳಿತು.

ಈ ಮಾತು ಕೇಳಲು ಚೆನ್ನಾಗಿದೆ. ಆದರೆ ಇದೂ ಅರ್ಧ ಸತ್ಯವೇ. ಕೊಲ್ಲುವ ನೀರೂ ಜಾತಿ ಕೇಳುತ್ತದೆ. ಆ ದಿನ ಕೇಳುವುದಿಲ್ಲ, ನೂರಾರು ವರ್ಷ ಮುಂಚೆಯೇ ಕೇಳಿ ಮುಗಿಸಿರುತ್ತದೆ. ದಂಡೆಯಲ್ಲಿ ತೆಂಗಿನ ಗರಿಯ ಮನೆ ಯಾರದು, ಒಳಗೆ ಕಲ್ಲಿನ ಮಹಡಿ ಮನೆ ಯಾರದು ಅನ್ನುವುದು ಅಲೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ.

ಇನ್ನೊಂದು ನೋವಿನ ಮಾತನ್ನೂ ಮುಚ್ಚಿಡದೆ ಹೇಳಬೇಕು. ಗಂಜಿಕೇಂದ್ರದಲ್ಲಿ ಗೆರೆ ಎಳೆದವರಲ್ಲಿ ಮೀನುಗಾರರೂ ಇದ್ದರು. ಅತಿ ಹೆಚ್ಚು ಸತ್ತವರು ಅವರೇ, ಮೇಲಿನವರಿಂದ ಮೂಗು ಮುಚ್ಚಿಸಿಕೊಂಡು ಬದುಕಿದವರೂ ಅವರೇ. ಮಕ್ಕಳ ಹೆಣ ಕಣ್ಣೆದುರಿಗಿದ್ದಾಗಲೂ ತನಗಿಂತ ಕೆಳಗೊಬ್ಬ ಇರಬೇಕು ಅನ್ನುವ ಆಸೆ ಸಾಯಲಿಲ್ಲ. ಅಂಬೇಡ್ಕರ್ ಇದಕ್ಕೇ ಶ್ರೇಣೀಕೃತ ಅಸಮಾನತೆ ಅಂದರು. ಮೆಟ್ಟಿಲಿನ ಮೇಲೆ ನಿಂತ ಪ್ರತಿಯೊಬ್ಬನಿಗೂ ತುಳಿಯಲು ಇನ್ನೊಂದು ತಲೆ ಸಿಗುವ ಹಾಗೆ ಕಟ್ಟಿದ ವ್ಯವಸ್ಥೆ ಇದು. ಹಾಗಂತ ಮೀನುಗಾರ ನಮ್ಮ ಶತ್ರುವಲ್ಲ. ಅಲೆ ಬಂದಾಗ ಅವನೂ ನಾವೂ ಒಂದೇ ದಂಡೆಯಲ್ಲಿದ್ದೇವೆ ಅನ್ನುವುದನ್ನು ಅವನಿಗೂ ಹೇಳಬೇಕು, ನಮಗೂ ಹೇಳಿಕೊಳ್ಳಬೇಕು.

ಇದು ಹಳೆಯ ಕಥೆ, ಈಗ ಎಲ್ಲ ಸರಿಹೋಗಿದೆ ಅನ್ನುವವರಿಗೆ ಒಡಿಶಾ ತೋರಿಸೋಣ. ಅಲ್ಲಿನದು ಅಲೆಯಲ್ಲ, ಚಂಡಮಾರುತ. ಆದರೆ ದೂರದಿಂದ ಬರುವ ಅಪಾಯ, ಮೊದಲೇ ಬರುವ ಮಾತು, ಬಿಡಬೇಕಾದ ಮನೆ ಅನ್ನುವುದೆಲ್ಲ ಒಂದೇ. 1999ರ ಚಂಡಮಾರುತದಲ್ಲಿ ಅಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. ಸರ್ಕಾರ ಕಲಿಯಿತು. ಆಶ್ರಯ ಕಟ್ಟಡ ಕಟ್ಟಿತು. 2019ರಲ್ಲಿ ಫನಿ ಬಂದಾಗ ಸುಮಾರು 12 ಲಕ್ಷ ಜನರನ್ನು ಮೊದಲೇ ಸ್ಥಳಾಂತರ ಮಾಡಿದರು. ಸಾವು ನೂರರ ಒಳಗೇ ನಿಂತಿತು. ಇದು ಸಣ್ಣ ಸಾಧನೆಯಲ್ಲ, ಕೈಮುಗಿದು ಒಪ್ಪುತ್ತೇವೆ. ಮನಸ್ಸು ಮಾಡಿದರೆ ಸರ್ಕಾರಕ್ಕೆ ಆಗುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ. ಆದರೆ ಅದೇ ಫನಿಯ ದಿನ ಪುರಿ ಜಿಲ್ಲೆಯ ಒಂದು ಊರಿನಲ್ಲಿ ದಲಿತ ಕುಟುಂಬಗಳನ್ನು ಆಶ್ರಯ ಕಟ್ಟಡದ ಒಳಗೆ ಬಿಡಲಿಲ್ಲ ಅಂತ ಪತ್ರಿಕೆಗಳಲ್ಲಿ ಬಂತು. ಎಚ್ಚರಿಕೆ ತಲುಪಿತ್ತು. ಜನ ನಂಬಿದ್ದರು. ಓಡಿಯೂ ಬಂದಿದ್ದರು. ಬಾಗಿಲು ತೆಗೆಯಲಿಲ್ಲ.

ಇಲ್ಲಿ ನಮ್ಮ ವಾದದ ಗಂಟು ಇದೆ. ಎಚ್ಚರಿಕೆ ಅನ್ನುವುದು ಬರೀ ಸುದ್ದಿಯಲ್ಲ. 'ಮಳೆ ಬರಬಹುದು' ಅನ್ನುವುದು ಸುದ್ದಿ. 'ಓಡು' ಅನ್ನುವುದು ಆಜ್ಞೆ. ಒಬ್ಬನಿಗೆ 'ನಿನ್ನ ಮನೆ, ಬಲೆ, ಮೇಕೆ, ಒಲೆಯ ಮೇಲಿನ ಅನ್ನ ಎಲ್ಲ ಬಿಟ್ಟು ಓಡು' ಅಂದ ಕ್ಷಣ ಹೇಳಿದವನು ಸಾಲಗಾರನಾಗುತ್ತಾನೆ. 'ಇಂಥ ಕಡೆಗೆ ಓಡು, ಅಲ್ಲಿ ಬಾಗಿಲು ತೆರೆದಿದೆ, ನಿನ್ನ ಪಕ್ಕ ನಾನೂ ಕೂರುತ್ತೇನೆ' ಅನ್ನುವ ಭಾಗ ಸೇರದೆ ಆ ಮಾತು ಪೂರ್ತಿಯಾಗುವುದಿಲ್ಲ. ಅರ್ಧ ಮಾತು ಆಡಿ 'ನಾವು ಹೇಳಿದ್ದೆವು' ಅಂತ ಕೈ ತೊಳೆದುಕೊಳ್ಳುವುದು ಅನೀತಿ.

ಈ ಸಾಲಕ್ಕೆ ಇನ್ನೊಂದು ಬಾಬತ್ತಿದೆ. ಅಲೆ ಬಾರದ ದಿನದ ಲೆಕ್ಕ.

2012ರ ಏಪ್ರಿಲ್ 11ರಂದು ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಸುಮಾತ್ರದ ಆಚೆ 8.6ರ ಭೂಕಂಪವಾಯಿತು. ಹಿಂದೂ ಮಹಾಸಾಗರದ ಸುತ್ತ ಎಚ್ಚರಿಕೆ ಹೋಯಿತು. ಬಂಡಾ ಆಚೆಯಲ್ಲಿ ಜನ ಬೈಕು ಕಾರು ಹತ್ತಿ ಓಡಿ ರಸ್ತೆಯೆಲ್ಲ ಕಟ್ಟಿಹೋಯಿತು. ನಮ್ಮ ಪೂರ್ವ ಕರಾವಳಿಯಲ್ಲೂ ಜನ ದಡ ಬಿಟ್ಟರು. ದೊಡ್ಡ ಅಲೆ ಬರಲಿಲ್ಲ. ಕಲ್ಲುಹಾಸುಗಳು ಆ ಸಲ ಪಕ್ಕಕ್ಕೆ ಜಾರಿದ್ದವು, ಕಡಲ ತಳವನ್ನು ಮೇಲೆ ಎತ್ತಿರಲಿಲ್ಲ. ಹಾಗಾದರೆ ಎಚ್ಚರಿಕೆ ಸುಳ್ಳೇ? ಅಲ್ಲ. ಅಷ್ಟು ದೊಡ್ಡ ಭೂಕಂಪವಾದಾಗ ತಳ ಎದ್ದಿದೆಯೋ ಪಕ್ಕಕ್ಕೆ ಸರಿದಿದೆಯೋ ಅಂತ ಪೂರ್ತಿ ತಿಳಿಯುವ ತನಕ ಕಾಯುತ್ತಾ ಕೂತರೆ ಓಡುವ ಹೊತ್ತು ಮೀರಿರುತ್ತದೆ.

2010ರಲ್ಲಿ ಚಿಲಿಯ ಭೂಕಂಪಕ್ಕೆ ಜಪಾನ್ ಮೂರು ಮೀಟರ್ ಅಲೆ ಬರಬಹುದು ಅಂತ ಎಚ್ಚರಿಸಿತು. ಬಂದದ್ದು ಅದರ ಅರ್ಧಕ್ಕೂ ಕಡಿಮೆ. ಅಂದಾಜು ಹೆಚ್ಚಾಯಿತು, ಜನಕ್ಕೆ ತೊಂದರೆಯಾಯಿತು ಅಂತ ಹವಾಮಾನ ಇಲಾಖೆಯವರು ಕ್ಷಮೆ ಕೇಳಿದರು. ಮರುವರ್ಷ, 2011ರ ಮಾರ್ಚ್ 11ರಂದು, ಅವರ ಪಕ್ಕದ ಕಡಲಲ್ಲೇ ಭೂಕಂಪವಾದಾಗ ಮೊದಲ ಎಚ್ಚರಿಕೆಯ ಅಂದಾಜು ನಿಜವಾದ ಅಲೆಗಿಂತ ಬಹಳ ಕಡಿಮೆಯಿತ್ತು. 18 ಸಾವಿರಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. ಒಂದರಿಂದಲೇ ಇನ್ನೊಂದಾಯಿತು ಅಂತ ನಾವು ಹೇಳುವುದಿಲ್ಲ. ಆದರೆ ಬಾರದ ಅಲೆಗೆ ಕ್ಷಮೆ ಕೇಳಬೇಕಾದ್ದಿಲ್ಲ ಅನ್ನುತ್ತೇವೆ. 2025ರ ಜುಲೈ 30ರಂದು ರಷ್ಯಾದ ಕಮ್ಚಾಟ್ಕದಲ್ಲಿ 8.8ರ ಭೂಕಂಪವಾದಾಗ ಅದೇ ಜಪಾನ್ ಸುಮಾರು 20 ಲಕ್ಷ ಜನಕ್ಕೆ ದಂಡೆ ಬಿಡಿ ಅಂದಿತು. ಬಂದ ಅಲೆ ಒಂದೂವರೆ ಮೀಟರ್ ದಾಟಲಿಲ್ಲ. ಹಾಗೇ ಹೇಳಬೇಕು, ಹಾಗೇ ಓಡಬೇಕು.

ಕ್ಷಮೆಯ ಬದಲು ಬೇಕಾದ್ದು ಕೂಲಿ. ತಿಂಗಳ ಸಂಬಳದವನಿಗೆ ಒಂದು ದಿನ ಓಡುವುದು ಒಂದು ದಿನದ ಗಾಬರಿ. ದಿನಗೂಲಿಯವನಿಗೆ ಅದು ಒಂದು ದಿನದ ಹಸಿವು. ಮೀನು ಮಾರುವ ಹೆಂಗಸಿಗೆ ಬುಟ್ಟಿ ಮೀನು ಕೊಳೆತರೆ ಬಡ್ಡಿಗೆ ತಂದ ಬಂಡವಾಳವೇ ಮುಳುಗಿತು. ಎಚ್ಚರಿಕೆ ಕೊಟ್ಟವನಿಗೆ ಏನೂ ನಷ್ಟವಿಲ್ಲ. ನಂಬಿದವನಿಗೆ ಪೂರ್ತಿ ನಷ್ಟ. ಎರಡು ಸಲ ನಷ್ಟ ಮಾಡಿಕೊಂಡವಳು ಮೂರನೆಯ ಸಲ 'ನೋಡೋಣ' ಅಂತ ನಿಂತರೆ ಅವಳನ್ನು ಬೈಯುವ ಹಕ್ಕು ಯಾರಿಗಿದೆ? ಅಲೆ ಬಂದ ದಿನ ಪರಿಹಾರ ಕೊಡುವ ಸರ್ಕಾರ ಅಲೆ ಬಾರದ ದಿನವೂ ಓಡಿದವರಿಗೆ ಕೂಲಿ ಕೊಡಲಿ. ಸತ್ತಮೇಲೆ ಕೊಡುವ ದುಡ್ಡಿಗಿಂತ ಅದು ಅಗ್ಗ, ಅದಕ್ಕಿಂತ ಮಾನವೀಯ.

ಇಲ್ಲೊಬ್ಬರು ಕೇಳುತ್ತಾರೆ: 'ಏನ್ರೀ, ನೀರು ನುಗ್ತಾ ಇರುವಾಗಲೂ ಜಾತಿ ಮಾತೇ? ಮೊದಲು ಜೀವ ಉಳಿಸಿಕೊಳ್ಳಿ, ಮಾನ ಅವಮಾನ ಆಮೇಲೆ ನೋಡಿಕೊಳ್ಳಿ.' ಒಪ್ಪಿದೆವು. ನಮ್ಮ ಜನಕ್ಕೆ ನಾವು ಹೇಳುವುದು ಒಂದೇ: ಓಡಿ. ದೇವರು ಕಾಯ್ತಾನೆ ಅಂತ ಕೂರಬೇಡಿ, ಮೊದಲ ಅಲೆ ಸಣ್ಣದಾಗಿತ್ತು ಅಂತ ವಾಪಸ್ ಹೋಗಬೇಡಿ, ಎರಡನೆಯದೋ ಮೂರನೆಯದೋ ದೊಡ್ಡದಿರಬಹುದು. ವಿಜ್ಞಾನ ಯಾರಪ್ಪನ ಸ್ವತ್ತೂ ಅಲ್ಲ, ನಮ್ಮದೂ ಹೌದು. ಬಾಗಿಲು ಮುಚ್ಚಿದ್ದರೆ ನಲ್ಲವಾಡಿನವರು ಒಡೆದ ಹಾಗೆ ಒಡೆದು ಒಳಗೆ ಹೋಗಿ. ಜೀವ ಮೊದಲು. ಆದರೆ ಈ ಉಪದೇಶವನ್ನು ಒಳಗೆ ಕೂತು ಚಿಲಕ ಹಾಕಿಕೊಂಡವನಿಗೆ ಯಾಕೆ ಮಾಡುವುದಿಲ್ಲ? ಜೀವ ಮೊದಲು, ಮಡಿ ಆಮೇಲೆ ಅಂತ ಅವನಿಗೆ ಯಾಕೆ ಹೇಳುವುದಿಲ್ಲ? ಜೀವ ಮತ್ತು ಮಾನದ ನಡುವೆ ಒಂದನ್ನು ಆರಿಸಿಕೋ ಅಂತ ಮನುಷ್ಯನನ್ನು ನಿಲ್ಲಿಸುವುದೇ ಅಪರಾಧ. ಅಲ್ಲಿ ನಿಂತವನು ಏನನ್ನೇ ಆರಿಸಿಕೊಂಡರೂ ಅಪರಾಧ ನಿಲ್ಲಿಸಿದವನದು.

ಈಗ ನಮ್ಮಲ್ಲಿ ಯಂತ್ರಗಳಿವೆ. 2007ರಿಂದ ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಹಗಲೂ ರಾತ್ರಿ ಕಾಯುತ್ತಿದೆ. ದೊಡ್ಡ ಭೂಕಂಪವಾದರೆ ನಿಮಿಷಗಳಲ್ಲಿ ಅದಕ್ಕೆ ಗೊತ್ತಾಗುತ್ತದೆ. 2020ರಲ್ಲಿ ಒಡಿಶಾದ ವೆಂಕಟರಾಯಪುರ, ನೋಲಿಯಾಸಾಹಿ ಅನ್ನುವ ಎರಡು ಜಾಗಗಳು ಸುನಾಮಿಗೆ ಸಿದ್ಧವಾದವು ಅಂತ ಯುನೆಸ್ಕೊದಿಂದ ಮನ್ನಣೆ ಪಡೆದವು. ಓಡುವ ದಾರಿಯ ನಕ್ಷೆ, ಬೋರ್ಡು, ಅಣಕು ಕಸರತ್ತು ಎಲ್ಲ ಅಲ್ಲಿ ಮಾಡಿದರು. ಸಾವಿರಾರು ಕಿಲೋಮೀಟರ್ ಆಚೆಯ ನಡುಕ ಹೈದರಾಬಾದಿಗೆ ತಲುಪುತ್ತದೆ, ಹೈದರಾಬಾದಿನಿಂದ ಜಿಲ್ಲಾ ಕಚೇರಿಗೆ ತಲುಪುತ್ತದೆ, ಅಲ್ಲಿಂದ ಮೊಬೈಲಿಗೂ ಬರುತ್ತದೆ. ಊರಿಂದ ಕೇರಿಗೆ ಇರುವ ಇನ್ನೂರು ಗಜವನ್ನು ದಾಟುವ ಯಂತ್ರವನ್ನು ಮಾತ್ರ ಯಾವ ವಿಜ್ಞಾನಿಯೂ ಮಾಡಿಕೊಡಲಾರ. ಅದು ನಮ್ಮ ಕೆಲಸ.

ಇದು ಬರೀ ತಮಿಳುನಾಡಿನ, ಜಪಾನಿನ ಮಾತು ಅಂತ ಕಾರವಾರದಿಂದ ಉಳ್ಳಾಲದ ತನಕದ ನಮ್ಮವರು ಸುಮ್ಮನಿರುವಂತಿಲ್ಲ. 1945ರ ನವೆಂಬರಿನಲ್ಲಿ ಮಕ್ರಾನ್ ಕಡಲಲ್ಲಿ ಆದ ಭೂಕಂಪದ ಅಲೆ ಮುಂಬಯಿಯಲ್ಲಿ ಜನರನ್ನು ಕೊಂದಿತ್ತು, ಕಾರವಾರದವರೆಗೂ ಬಂದಿತ್ತು ಅಂತ ದಾಖಲೆ ಇದೆ. ಕಡಲೇ ನೋಡದ ಕೃಷ್ಣಾ ತೀರದ ನಮ್ಮ ಜನಕ್ಕೂ ಪ್ರತಿ ಮಳೆಗಾಲ 'ನದಿ ಪಾತ್ರದ ಜನ ಸುರಕ್ಷಿತ ಸ್ಥಳಕ್ಕೆ ತೆರಳಬೇಕು' ಅನ್ನುವ ಪ್ರಕಟಣೆ ಗೊತ್ತಿದೆ. ಸುರಕ್ಷಿತ ಸ್ಥಳ ಯಾವುದು ಅಂತ ಆ ಪ್ರಕಟಣೆ ಹೇಳುತ್ತದೆಯೇ?

ಆದ್ದರಿಂದ ಕರಾವಳಿಯ, ನದಿ ದಂಡೆಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇಷ್ಟು ಕೇಳಿ. ನೀರು ಬಂದರೆ ಈ ಊರಿನವರು ಯಾವ ಕಟ್ಟಡಕ್ಕೆ ಓಡಬೇಕು, ಬರೆದು ಕೊಡಿ. ಅದರ ಬೀಗದ ಕೈ ಯಾರ ಹತ್ತಿರ ಇದೆ, ನಡುರಾತ್ರಿ ಆ ಮನೆಯ ಬಾಗಿಲು ನಾವು ತಟ್ಟಬಹುದೇ? ಇನ್ನೊಂದು ಕೈ ಕೇರಿಯಲ್ಲಿ ಇರಲಿ. ಕೇರಿಗೆ ಸುದ್ದಿ ತರುವವರು ಯಾರು, ಅವರ ಹೆಸರೇನು? ಓಡಿದ ದಿನದ ಕೂಲಿ ಯಾರು ಕೊಡುತ್ತಾರೆ? ಒಳಗೆ ಕುಡಿಯುವ ನೀರಿನ ಕೊಡ ಎಷ್ಟು, ಒಂದೋ ಎರಡೋ? ಎರಡು ಅಂದರೆ ಯಾಕೆ ಎರಡು?

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಸಹಿ ಹಾಕಿಸಿ. ಬರೆಯಲು ಒಪ್ಪದಿದ್ದರೆ ಅದನ್ನೂ ಬರೆಸಿ. ನೆಲ ತಣ್ಣಗಿರುವ ಈ ದಿನಗಳಲ್ಲೇ ಈ ಜಗಳ ಆಗಬೇಕು.